ಗಾಡಿಯ ಕಾಯಿಲೆ ಓದುವ ಕೇಬಲ್: ಸಾಲ ಮಂಜೂರು ಮಾಡುವ ಮುಂಚೆ ತಿಳಿಯಬೇಕಾದದ್ದು

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇವತ್ತಿನ ವಿಷಯ ಕೇಳಿ ಕೆಲವರು ನಕ್ಕಿದ್ದು ನನಗೆ ಕಾಣಿಸಿತು. "ಗಾಡಿ ರಿಪೇರಿ ಸಾಮಾನಿಗೂ ನಮ್ಮ ಸಂಘಕ್ಕೂ ಏನು ಸಂಬಂಧ?" ಅಂತ. ಸಂಬಂಧ ಇದೆ. ಮೊದಲೆಲ್ಲ ನಮ್ಮ ಸಂಘಗಳಿಗೆ ಬರುತ್ತಿದ್ದ ಸಾಲದ ಅರ್ಜಿ ಯಾವುದಕ್ಕೆ? ಹಸುವಿಗೆ, ಹೊಲಿಗೆ ಯಂತ್ರಕ್ಕೆ, ಮನೆಯ ಹೆಂಚಿಗೆ, ಮಕ್ಕಳ ಫೀಸಿಗೆ. ಅವು ನಮಗೆ ಗೊತ್ತಿರುವ ವಸ್ತುಗಳು. ಹಸು ಎಷ್ಟು ಲೀಟರ್ ಹಾಲು ಕೊಡುತ್ತದೆ, ಯಂತ್ರ ಹೊಸದೋ ಹಳೆಯದೋ ಎಂದು ಕೇಳಲು ನಮಗೆ ಬಾಯಿ ಬರುತ್ತದೆ. ಈಗ ಬರುವ ಅರ್ಜಿಯಲ್ಲಿ "ಮಗ ಮನೆ ಪಕ್ಕ ಶೆಡ್ ಹಾಕಿದ್ದಾನೆ, ಸ್ಕ್ಯಾನರ್ ತಗೋಬೇಕು, ಹನ್ನೆರಡು ಸಾವಿರ ಬೇಕು" ಎಂದು ಇರುತ್ತದೆ. ಆಗ ಸಭೆಯಲ್ಲಿ ಎಲ್ಲರೂ ಸುಮ್ಮನೆ. ಕೇಳಲು ಗೊತ್ತಿಲ್ಲ, ಬೇಡ ಎನ್ನಲು ಮನಸ್ಸಿಲ್ಲ. ಸಹಿ ಬೀಳುತ್ತದೆ, ದುಡ್ಡು ಹೋಗುತ್ತದೆ. ಅದು ವಾರಕ್ಕೆ ಐವತ್ತು, ನೂರು ಅಂತ ನಾವೆಲ್ಲ ಸೇರಿ ಕೂಡಿಸಿದ ದುಡ್ಡು. ಗೊತ್ತಿಲ್ಲದೆ ಕೊಟ್ಟರೂ ನಷ್ಟ, ಗೊತ್ತಿಲ್ಲದೆ ಬೇಡ ಎಂದರೂ ಒಬ್ಬ ತಾಯಿಯ ಮನೆಗೆ ನಷ್ಟ. ಆದ್ದರಿಂದ ಸ್ವಲ್ಪ ತಿಳಿದುಕೊಳ್ಳೋಣ.

ಈ ಸಾಮಾನು ಏನು?

ಈಗಿನ ಕಾರು, ಪಿಕಪ್, ಸ್ಕೂಟರ್‌ಗಳಲ್ಲಿ ಇಂಜಿನನ್ನು ನಡೆಸುವ ಒಂದು ಸಣ್ಣ ಕಂಪ್ಯೂಟರ್ ಇದೆ. ಅದಕ್ಕೆ ಇ.ಸಿ.ಯು. ಎನ್ನುತ್ತಾರೆ. ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಹಾರಿಸಬೇಕು ಎಂದು ಅದೇ ತೀರ್ಮಾನ ಮಾಡುತ್ತದೆ. ಅದಕ್ಕೆ ಸುದ್ದಿ ಕೊಡುವವು ಸೆನ್ಸರ್‌ಗಳು. ಯಾವುದಾದರೂ ಸುದ್ದಿ ಸರಿ ಇಲ್ಲ ಎನಿಸಿದರೆ ಇ.ಸಿ.ಯು. ಒಂದು ಸಂಖ್ಯೆಯನ್ನು ಬರೆದಿಟ್ಟುಕೊಂಡು ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹಚ್ಚುತ್ತದೆ. ಆ ಸಂಖ್ಯೆಯನ್ನು ಓದುವ ವ್ಯವಸ್ಥೆಯೇ ಓ.ಬಿ.ಡಿ. ಗಾಡಿಗೆ ಒಂದು ಕೇಬಲ್ ಅಥವಾ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಅಡಾಪ್ಟರ್ ಸಿಕ್ಕಿಸಿ, ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಸಾಫ್ಟ್‌ವೇರ್ ತೆರೆದರೆ ಸಂಖ್ಯೆ ಕಾಣಿಸುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಇದು ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಇದೆ ಅನ್ನುತ್ತದೆ, ಮಲೇರಿಯಾವೋ ಟೈಫಾಯ್ಡೋ ಅನ್ನುವುದಿಲ್ಲ. ಉದಾಹರಣೆಗೆ, ಪಿ 0301 ಎಂದು ಬಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಕಾರಣ ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ವೈರ್ ಇಲಿ ಕಡಿದಿರಬಹುದು. ಪಿ 0171 ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದರ್ಥ. ಇದನ್ನು ನೋಡಿ ಕೆಲವರು ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸಿ ಸಾವಿರಾರು ರೂಪಾಯಿ ಬಿಲ್ ಮಾಡುತ್ತಾರೆ. ತೊಂದರೆ ಇದ್ದದ್ದು ಮಾತ್ರ ಸೀಳು ಬಿಟ್ಟ ಒಂದು ರಬ್ಬರ್ ಪೈಪಿನಲ್ಲಿ! ಹಾಗಾಗಿ ಸ್ಕ್ಯಾನರ್ ಕೊಂಡ ಮಾತ್ರಕ್ಕೆ ಯಾರೂ ಮೆಕ್ಯಾನಿಕ್ ಆಗುವುದಿಲ್ಲ. ಕೆಲಸ ಗೊತ್ತಿರುವವನ ಕೈಯಲ್ಲಿ ಇದ್ದರೆ ಅರ್ಧ ದಿನದ ಹುಡುಕಾಟ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಯಾವ ಗಾಡಿಗೆ ನಡೆಯುತ್ತದೆ?

ಸಾಲ ಕೇಳುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: "ನಿನ್ನ ಶೆಡ್ಡಿಗೆ ಯಾವ ಗಾಡಿ ಬರುತ್ತದೆ?"

ಕಾರುಗಳ ಮಾತು ಮೊದಲು. ಅಮೆರಿಕದಲ್ಲಿ 1996ರ ಮಾದರಿಯಿಂದಲೇ ಎಲ್ಲ ಕಾರುಗಳಿಗೆ ಓ.ಬಿ.ಡಿ. ಎರಡನೇ ಹಂತ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಇದು ಭಾರತ್ ಸ್ಟೇಜ್ 4 ನಿಯಮದ ಜೊತೆ ಬಂತು. ಆ ನಿಯಮ 2010ರಲ್ಲಿ ದೊಡ್ಡ ನಗರಗಳಲ್ಲಿ ಶುರುವಾಗಿ, 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಅನ್ವಯವಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಬಂತು. ಆದ್ದರಿಂದ 2017ರ ನಂತರದ ಕಾರು ಎಂದರೆ ಧೈರ್ಯವಾಗಿ ಸಿಕ್ಕಿಸಬಹುದು. ಅದಕ್ಕಿಂತ ಮುಂಚಿನದಾದರೆ ಗಾಡಿ ನೋಡಿಯೇ ಹೇಳಬೇಕು. ಕಾರ್ಬ್ಯುರೇಟರ್ ಕಾಲದ ಹಳೇ ಗಾಡಿಗೆ ಸ್ಕ್ಯಾನರ್ ಹಿಡಿದು ನಿಂತರೆ ಏನೂ ಸಿಗುವುದಿಲ್ಲ.

ಕಾರಿನಲ್ಲಿ ಸ್ಟೇರಿಂಗ್ ಕೆಳಗೆ, ಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಯಾವ ಕಂಪನಿಯ ಕಾರಾದರೂ ಅದರ ಆಕಾರ ಒಂದೇ. ಆದರೆ ಆಕಾರ ಒಂದೇ ಆದರೂ ಒಳಗಿನ ಭಾಷೆ ಬೇರೆ ಬೇರೆ. ಹೊಸ ಗಾಡಿಗಳು ಕ್ಯಾನ್ ಎಂಬ ಭಾಷೆಯಲ್ಲಿ 6 ಮತ್ತು 14ನೇ ಪಿನ್ನಿನ ಮೂಲಕ ಮಾತಾಡುತ್ತವೆ. ಹಳೆಯವುಗಳಲ್ಲಿ ಹೆಚ್ಚಿನವು ಕೆ-ಲೈನ್ ಎಂದು 7ನೇ ಪಿನ್ನಿನಲ್ಲಿ ಮಾತಾಡುತ್ತವೆ. ಅಗ್ಗದ ಕೆಲವು ಅಡಾಪ್ಟರ್‌ಗಳಿಗೆ ಹಳೇ ಭಾಷೆ ಬರುವುದೇ ಇಲ್ಲ. ಹೊಸ ಕಾರಿಗೆ ನಡೆದದ್ದು 2012ರ ಕಾರಿಗೆ ನಡೆಯದೆ ಹೋಗುವುದು ಇದೇ ಕಾರಣಕ್ಕೆ.

ಇನ್ನು ಸ್ಕೂಟರ್, ಬೈಕ್. ನಮ್ಮ ಹಳ್ಳಿಯ ಶೆಡ್ಡಿಗೆ ಹೆಚ್ಚು ಬರುವುದು ಇವೇ ಅಲ್ವಾ? 2020ರ ನಂತರದ ಗಾಡಿಗಳಲ್ಲಿ ಇದೂ ಕಂಪ್ಯೂಟರ್ ವ್ಯವಹಾರವೇ. ಆದರೆ ಇವುಗಳಲ್ಲಿ ಕಾರಿನ 16 ಪಿನ್ ಸಾಕೆಟ್ ಸಾಮಾನ್ಯವಾಗಿ ಇರುವುದಿಲ್ಲ. ಸೀಟಿನ ಕೆಳಗೋ ಬ್ಯಾಟರಿ ಪಕ್ಕದಲ್ಲೋ ಚಿಕ್ಕ ಸಾಕೆಟ್ ಇರುತ್ತದೆ. ಹಲವು ಗಾಡಿಗಳಲ್ಲಿ ಅದು 6 ಪಿನ್ನಿನದು. ಕಾರಿನ ಅಡಾಪ್ಟರಿಗೆ ನಡುವೆ ಇನ್ನೊಂದು ಜೋಡಿಸುವ ಕೇಬಲ್ ಬೇಕು. ಕೇಬಲ್ ಕೂಡಿದರೂ ಕಾರಿನ ಆ್ಯಪ್ ಬೈಕಿನ ಎಲ್ಲವನ್ನೂ ಓದುತ್ತದೆ ಎಂಬ ಭರವಸೆ ಇಲ್ಲ. ಬೈಕ್ ಕೆಲಸವೇ ಹೆಚ್ಚು ಎಂದಾದರೆ ಬೈಕಿಗೆಂದೇ ಮಾಡಿದ ಸ್ಕ್ಯಾನರ್ ನೋಡಬೇಕು.

ದೊಡ್ಡ ಲಾರಿ, ಬಸ್ಸು ಬೇರೆಯೇ ಲೆಕ್ಕ. ಅವುಗಳಲ್ಲಿ ಹೆಚ್ಚಿನವು 24 ವೋಲ್ಟಿನವು. ಕಾರಿನ 12 ವೋಲ್ಟಿನ ಅಗ್ಗದ ಅಡಾಪ್ಟರ್ ಅಲ್ಲಿ ಸಿಕ್ಕಿಸಿದರೆ ಸುಟ್ಟು ಹೋಗಬಹುದು. ಎಲೆಕ್ಟ್ರಿಕ್ ಆಟೋ, ಎಲೆಕ್ಟ್ರಿಕ್ ಸ್ಕೂಟರಿಗೂ ಈ ಸಾಮಾನ್ಯ ಆ್ಯಪ್‌ಗಳನ್ನು ನಂಬಿ ಕೂರುವಂತಿಲ್ಲ. ಬ್ಯಾಟರಿ, ಮೋಟಾರಿನ ತೊಂದರೆ ಓದಲು ಸಾಮಾನ್ಯವಾಗಿ ಆ ಕಂಪನಿಯ ಸಾಫ್ಟ್‌ವೇರೇ ಬೇಕಾಗುತ್ತದೆ.

ಅಡಾಪ್ಟರಿನಲ್ಲಿ ಮೂರು ಬಗೆ

ಮೊದಲನೆಯದು ಬ್ಲೂಟೂತ್. ಆಂಡ್ರಾಯ್ಡ್ ಮೊಬೈಲಿಗೆ ಇದು ಅನುಕೂಲ. ಐಫೋನ್ ಇರುವವರು ಜಾಗ್ರತೆ, ಸಾಧಾರಣ ಹಳೇ ಬಗೆಯ ಬ್ಲೂಟೂತ್ ಅಡಾಪ್ಟರ್ ಐಫೋನಿಗೆ ಕೂಡುವುದಿಲ್ಲ. ಬ್ಲೂಟೂತ್ ಎಲ್.ಇ. ಅಥವಾ ವೈಫೈ ಬೇಕು.

ಎರಡನೆಯದು ವೈಫೈ. ಎರಡೂ ಬಗೆಯ ಮೊಬೈಲಿಗೆ ನಡೆಯುತ್ತದೆ. ಆದರೆ ಮೊಬೈಲ್ ಅಡಾಪ್ಟರಿನ ವೈಫೈಗೆ ಅಂಟಿಕೊಂಡಾಗ ಇಂಟರ್ನೆಟ್ ನಿಲ್ಲಬಹುದು.

ಮೂರನೆಯದು ಯು.ಎಸ್.ಬಿ. ಕೇಬಲ್. ಲ್ಯಾಪ್‌ಟಾಪ್ ಬೇಕು, ಆದರೆ ಸಂಪರ್ಕ ಗಟ್ಟಿ. ದಿನವೂ ಕೆಲಸ ಮಾಡುವ ಶೆಡ್ಡಿಗೆ ಇದೇ ಒಳ್ಳೆಯದು. ಸೆಟ್ಟಿಂಗ್ ಬದಲಿಸುವಂಥ, ನಡುವೆ ಸಂಪರ್ಕ ಕಡಿದರೆ ಅಪಾಯ ಆಗುವಂಥ ಕೆಲಸವನ್ನು ತಂತಿ ಇಲ್ಲದ ಅಗ್ಗದ ಅಡಾಪ್ಟರಿನಲ್ಲಿ ಮಾಡಲೇಬಾರದು.

ನಕಲಿಯ ಕಥೆ

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ನೀಲಿ ಅಡಾಪ್ಟರ್‌ಗಳ ಮೇಲೆ ಇ.ಎಲ್.ಎಮ್. 327 ಎಂದು ಬರೆದಿರುತ್ತದೆ. ಅದು ಮೂಲತಃ ಕೆನಡಾದ ಇ.ಎಲ್.ಎಮ್. ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪನಿ ಮಾಡಿದ ಚಿಪ್ಪಿನ ಹೆಸರು. ಮೊದಲ ಆವೃತ್ತಿಗೆ ನಕಲು ತಡೆಯುವ ರಕ್ಷಣೆ ಇರಲಿಲ್ಲ. ಅದನ್ನು ನಕಲು ಮಾಡಿದವರು ಲೋಕವೆಲ್ಲ ಮಾರಿದರು. ಮೂಲ ಕಂಪನಿ 2022ರಲ್ಲಿ ಬಾಗಿಲು ಮುಚ್ಚಿತು, ಆದರೆ ಹೆಸರು ಹೊತ್ತ ನಕಲುಗಳು ಇವತ್ತಿಗೂ ಬರುತ್ತಿವೆ. ಒಂದು ತಮಾಷೆ ಕೇಳಿ: ಹಲವು ಡಬ್ಬಿಗಳ ಮೇಲೆ "ಆವೃತ್ತಿ 1.5" ಎಂದು ಇರುತ್ತದೆ. ಮೂಲ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದೇ ಇಲ್ಲ!

ಹಾಗಂತ ಈ ಅಗ್ಗದ್ದೆಲ್ಲ ಕಸ ಎಂದು ನಾನು ಹೇಳುವುದಿಲ್ಲ. ಮನೆಯ ಒಂದೇ ಕಾರಿನ ಹಳದಿ ದೀಪ ಏಕೆ ಹತ್ತಿತು ಎಂದು ನೋಡಲು ಅದು ಸಾಕಾಗಬಹುದು. ಅದಕ್ಕೆ ಸಂಘದ ಸಾಲವೂ ಬೇಡ, ಉಳಿತಾಯದಲ್ಲೇ ಆಗುತ್ತದೆ. ಆದರೆ ಇದನ್ನೇ ನಂಬಿ ಹೊಟ್ಟೆಪಾಡು ಮಾಡುವವರಿಗೆ ಇದು ಸಾಲದು. ಹತ್ತು ಗಾಡಿಯಲ್ಲಿ ಮೂರಕ್ಕೆ ಕೂಡದಿದ್ದರೆ ಗಿರಾಕಿ ಮುಂದೆ ಮರ್ಯಾದೆ ಹೋಗುವುದು ಮೆಕ್ಯಾನಿಕ್ಕಿನದು.

ಯು.ಎಸ್.ಬಿ. ಕೇಬಲ್‌ಗಳಲ್ಲೂ ಇದೇ ಪಾಡು. ಕೇಬಲ್ಲಿನ ಒಳಗೆ ಒಂದು ಚಿಪ್ ಇರುತ್ತದೆ. ಎಫ್.ಟಿ.ಡಿ.ಐ. ಕಂಪನಿಯ ಚಿಪ್ಪಿಗೆ ಹೆಸರಿದೆ, ಅದರ ನಕಲೂ ಬಹಳ. 2014ರಲ್ಲಿ ಆ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಕಂಪ್ಯೂಟರ್‌ಗಳಿಗೆ ಬಂದಾಗ ಎಷ್ಟೋ ನಕಲಿ ಚಿಪ್ಪಿನ ಕೇಬಲ್‌ಗಳು ರಾತ್ರಿ ಬೆಳಗಾಗುವುದರೊಳಗೆ ಕೆಲಸ ನಿಲ್ಲಿಸಿದವು. ಕೊಂಡವರಿಗೆ ಅದು ನಕಲಿ ಎಂದು ತಿಳಿದದ್ದೇ ಆವಾಗ.

ಸಾಫ್ಟ್‌ವೇರ್ ಯಾವುದು?

ಸಾಮಾನ್ಯ ಆ್ಯಪ್‌ಗಳು ಮತ್ತು ಕಂಪನಿವಾರು ಸಾಫ್ಟ್‌ವೇರ್ ಎಂದು ಎರಡು ಗುಂಪು ಮಾಡಿಕೊಳ್ಳಿ.

ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಆ್ಯಪ್‌ಗಳು ಎಲ್ಲ ಕಂಪನಿಯ ಕಾರಿನ ಇಂಜಿನ್ ಕೋಡುಗಳನ್ನು ಓದುತ್ತವೆ. ಮೊದಲು ಉಚಿತವಾಗಿ ಹಾಕಿ ನೋಡಿ, ಬೇಕೆನಿಸಿದರೆ ಸ್ವಲ್ಪ ದುಡ್ಡು ಕೊಟ್ಟು ಪೂರ್ತಿ ಮಾಡಿಕೊಳ್ಳಬಹುದು. ಆದರೆ ಬ್ರೇಕಿನ ಎ.ಬಿ.ಎಸ್., ಏರ್‌ಬ್ಯಾಗ್, ಬಾಗಿಲ ಲಾಕ್ ಇವುಗಳ ಕೋಡು ಸಾಮಾನ್ಯ ಆ್ಯಪಿಗೆ ಹೆಚ್ಚಾಗಿ ಸಿಗುವುದಿಲ್ಲ.

ಕಂಪನಿವಾರು ಸಾಫ್ಟ್‌ವೇರ್ ಆಳಕ್ಕೆ ಇಳಿಯುತ್ತದೆ. ಫೋರ್ಡ್ ಕಾರಿಗೆ ಫೋರ್‌ಸ್ಕ್ಯಾನ್ ಇದೆ. ನಮ್ಮಲ್ಲಿ ಫೋರ್ಡ್ ಕಂಪನಿ ಕಾರು ಮಾಡುವುದನ್ನು ನಿಲ್ಲಿಸುತ್ತೇನೆಂದು 2021ರಲ್ಲಿ ಹೇಳಿತು, ಆದರೂ ರಸ್ತೆಯಲ್ಲಿ ಅದರ ಕಾರುಗಳು ಬೇಕಾದಷ್ಟಿವೆ. ಅಂಥ ಕಾರುಗಳಲ್ಲಿ ಎರಡು ಕ್ಯಾನ್ ಲೈನ್ ಇರುವುದರಿಂದ ಎರಡನ್ನೂ ಓದಬಲ್ಲ ಅಡಾಪ್ಟರ್ ನೋಡಿ ಕೊಳ್ಳಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ರಾಸ್-ಟೆಕ್ ಎಂಬ ಅಮೆರಿಕದ ಕಂಪನಿಯ ವಿ.ಸಿ.ಡಿ.ಎಸ್. ಇದೆ. ಇದರಲ್ಲಿ ಸಾಫ್ಟ್‌ವೇರಿಗೆ ಬೇರೆ ದುಡ್ಡಿಲ್ಲ, ಅವರದೇ ಕೇಬಲ್ ಕೊಂಡರೆ ಪೂರ್ತಿ ಕೆಲಸ ಮಾಡುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಅವರ ಎಚ್.ಇ.ಎಕ್ಸ್. ವಿ2 ಕೇಬಲ್ಲಿನಲ್ಲಿ ಮೂರೇ ಕಾರಿಗೆ ನಡೆಯುವುದು, ಹತ್ತು ಕಾರಿಗೆ ನಡೆಯುವುದು, ಎಷ್ಟು ಕಾರಿಗಾದರೂ ನಡೆಯುವುದು ಎಂದು ಬೇರೆ ಬೇರೆ ಇವೆ. ಮನೆಯವರಿಗೆ ಮೂರು ಕಾರಿನದು ಸಾಕು. ಶೆಡ್ ಇಟ್ಟವನು ಬೆಲೆ ಕಮ್ಮಿ ಎಂದು ಅದನ್ನು ತಂದರೆ ನಾಲ್ಕನೇ ಗಿರಾಕಿ ಬಂದಾಗ ಕೈಕಟ್ಟಿ ಕೂರಬೇಕು.

ಈಗ ಕಳ್ಳ ಸಾಫ್ಟ್‌ವೇರಿನ ಮಾತು. "ಎಲ್ಲ ಕಂಪನಿಯದು ಒಂದೇ ಸಿ.ಡಿ.ಯಲ್ಲಿ, ಕೇಬಲ್ ಫ್ರೀ" ಎಂದು ಮಾರುವವರಿದ್ದಾರೆ. ನನಗೆ ಗೊತ್ತಿರುವ ಒಂದು ಸಂಘದಲ್ಲಿ ಒಬ್ಬ ಸದಸ್ಯೆಯ ಮಗನಿಗೆ ಹೀಗೇ ಆಯಿತು. ಸಂಘದ ಸಾಲದಲ್ಲಿ ಕಿಟ್ ಬಂತು. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ದಿನ ಇಂಟರ್ನೆಟ್ ಹಾಕಿದಾಗ ಸಾಫ್ಟ್‌ವೇರ್ "ಅಪ್‌ಡೇಟ್ ಮಾಡಲಾ?" ಎಂದು ಕೇಳಿತು, ಹುಡುಗ ಹೂಂ ಎಂದು ಒತ್ತಿದ. ಕೇಬಲ್ ಸತ್ತೇ ಹೋಯಿತು. ಬಿಲ್ ಇಲ್ಲ, ಮಾರಿದವನ ಫೋನ್ ಸ್ವಿಚ್ ಆಫ್. ಕಂತು ಕಟ್ಟುವುದು ಬಾಕಿ ಹತ್ತು ತಿಂಗಳು. ಆ ತಾಯಿ ಮೂರು ಸಭೆಗೆ ಬರಲೇ ಇಲ್ಲ, ನಾಚಿಕೆಯಿಂದ. ಸದಸ್ಯೆಯರು ಮನೆಗೆ ಹೋಗಿ ಮಾತಾಡಿ, ಕಂತನ್ನು ಸಣ್ಣದು ಮಾಡಿ, ಅವರನ್ನು ಮತ್ತೆ ಸಭೆಗೆ ಕರೆತಂದರು. ಅದು ಸಂಘ ಮಾಡಬೇಕಾದ ಕೆಲಸವೇ. ಆದರೆ ಮೊದಲೇ ನಾಲ್ಕು ಪ್ರಶ್ನೆ ಕೇಳಿದ್ದರೆ ಆ ತಾಯಿಗೆ ಮೂರು ಸಭೆ ತಲೆ ತಗ್ಗಿಸಿ ಕೂರುವ ಪ್ರಸಂಗ ಬರುತ್ತಿರಲಿಲ್ಲ. ಕಳ್ಳ ಸಾಫ್ಟ್‌ವೇರ್ ಕಾನೂನಿಗೂ ವಿರುದ್ಧ, ಲ್ಯಾಪ್‌ಟಾಪಿಗೆ ವೈರಸ್ಸನ್ನೂ ತರುತ್ತದೆ. ಸಂಘದ ದುಡ್ಡನ್ನು ಅದಕ್ಕೆ ಕೊಡಬಾರದು ಎಂದು ನಡಾವಳಿಯಲ್ಲೇ ಬರೆದುಬಿಡಿ.

ಲೆಕ್ಕ ಹಾಕಿ ನೋಡೋಣ

ಪೆನ್ನು ತೆಗೆಯಿರಿ. ಹನ್ನೆರಡು ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಹನ್ನೆರಡು ಕಂತು ಎಂದುಕೊಳ್ಳಿ. ಪ್ರತಿ ತಿಂಗಳು ಸಾವಿರ ಅಸಲು ಕಟ್ಟಿ, ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳ ಬಡ್ಡಿ 120 ರೂಪಾಯಿ, ಕೊನೆಯ ತಿಂಗಳದ್ದು 10 ರೂಪಾಯಿ. ವರ್ಷಕ್ಕೆ ಒಟ್ಟು ಬಡ್ಡಿ 780. ಅಂದರೆ ಕಟ್ಟಬೇಕಾದದ್ದು 12,780 ರೂಪಾಯಿ.

ಒಂದು ಗಾಡಿ ಸ್ಕ್ಯಾನ್ ಮಾಡಿದ್ದಕ್ಕೆ 150 ರೂಪಾಯಿ ಸಿಕ್ಕರೆ 86 ಗಾಡಿ ಬಂದಾಗ ಸಾಲ ತೀರುತ್ತದೆ. ತಿಂಗಳಿಗೆ ಏಳೆಂಟು, ವಾರಕ್ಕೆ ಎರಡು ಗಾಡಿ. ಈಗ ಕೇಳಿ: "ಮಗಾ, ನಿನ್ನ ಶೆಡ್ಡಿಗೆ ಇಂಜಿನ್ ದೀಪ ಹತ್ತಿದ ಗಾಡಿ ವಾರಕ್ಕೆ ಎರಡು ಬರುತ್ತದಾ?" ಹೌದು ಎಂದರೆ ಧಾರಾಳವಾಗಿ ಕೊಡಿ. ತಿಂಗಳಿಗೆ ಒಂದು ಎಂದರೆ ಮೊದಲು ಸಣ್ಣದು ಕೊಂಡು ಕೆಲಸ ಕಲಿಯಲಿ, ಗಿರಾಕಿ ಹೆಚ್ಚಿದಾಗ ದೊಡ್ಡದಕ್ಕೆ ಅರ್ಜಿ ಹಾಕಲಿ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಶೆಡ್ಡಿಗೆ ಹೆಚ್ಚು ಬರುವ ಐದು ಗಾಡಿ ಯಾವುವು, ಯಾವ ವರ್ಷದವು?
2. ಕೊಳ್ಳುವ ಸ್ಕ್ಯಾನರ್ ಆ ಐದಕ್ಕೂ ನಡೆಯುತ್ತದೆಯೇ? ಕೊಳ್ಳುವ ಮುಂಚೆ ಎರಡು ಗಾಡಿಗಾದರೂ ಸಿಕ್ಕಿಸಿ ತೋರಿಸುತ್ತಾರೆಯೇ?
3. ಬಿಲ್ಲು, ವಾರಂಟಿ ಇದೆಯೇ? ನಡೆಯದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ?
4. ಸಾಫ್ಟ್‌ವೇರ್ ಅಸಲಿಯೇ? ವರ್ಷ ವರ್ಷ ಅಪ್‌ಡೇಟಿಗೆ ಎಷ್ಟು ಕೊಡಬೇಕು? ಕೆಲವು ಸ್ಕ್ಯಾನರ್‌ಗಳ ಬೆಲೆ ಕಮ್ಮಿ, ಅಪ್‌ಡೇಟ್ ದುಬಾರಿ.
5. ಲ್ಯಾಪ್‌ಟಾಪ್ ಬೇಕೇ? ಬೇಕಾದರೆ ಅದು ಇದೆಯೇ, ಅದರ ಖರ್ಚೂ ಈ ಸಾಲದಲ್ಲೇ ಸೇರಿದೆಯೇ?
6. ಕೆಲಸ ಎಲ್ಲಿ ಕಲಿತದ್ದು? ಮಲ್ಟಿಮೀಟರ್ ಹಿಡಿದು ವೈರ್ ಪರೀಕ್ಷೆ ಮಾಡಲು ಬರುತ್ತದೆಯೇ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಮಲ್ಟಿಮೀಟರ್ ಗೊತ್ತಿಲ್ಲದವನಿಗೆ ಸ್ಕ್ಯಾನರ್ ಕೊಟ್ಟರೆ ಗಿರಾಕಿಯ ದುಡ್ಡಿನಲ್ಲಿ ಒಂದೊಂದೇ ಸೆನ್ಸರ್ ಬದಲಿಸುತ್ತಾ ಹೋಗುತ್ತಾನೆ.

ಬಳಸುವಾಗ ಜಾಗ್ರತೆ

ಕೋಡು ಕಂಡ ಕೂಡಲೇ ಅಳಿಸಬಾರದು. ಮೊದಲು ಬರೆದುಕೊಳ್ಳಬೇಕು, ಇಲ್ಲವೇ ಫೋಟೋ ತೆಗೆಯಬೇಕು. ತೊಂದರೆ ಆದ ಕ್ಷಣದಲ್ಲಿ ಇಂಜಿನ್ ಬಿಸಿ ಎಷ್ಟಿತ್ತು, ವೇಗ ಎಷ್ಟಿತ್ತು ಎಂಬುದನ್ನೂ ಗಾಡಿ ಬರೆದಿಟ್ಟಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ದೀಪ ಆರಿಸಿದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ. ದೀಪ ಆರಿಸಿ "ಸರಿ ಆಯ್ತು" ಎಂದು ದುಡ್ಡು ತೆಗೆದುಕೊಳ್ಳುವುದು ಮೋಸ.

ಅಡಾಪ್ಟರನ್ನು ಗಾಡಿಯಲ್ಲೇ ಬಿಟ್ಟು ಹೋಗಬಾರದು. ಸಾಕೆಟ್ಟಿನ 16ನೇ ಪಿನ್ನಿಗೆ ಕೀ ತೆಗೆದರೂ ಬ್ಯಾಟರಿಯ ಕರೆಂಟ್ ಇರುತ್ತದೆ. ಕೆಲವು ದಿನ ನಿಂತ ಗಾಡಿಯ ಬ್ಯಾಟರಿ ಇಳಿಯಬಹುದು. ಏರ್‌ಬ್ಯಾಗಿನ ಕೆಲಸಕ್ಕೆ ಮನೆ ಶೆಡ್ಡಿನಲ್ಲಿ ಕೈ ಹಾಕಬಾರದು, ಅದು ಜೀವದ ಪ್ರಶ್ನೆ.

ಸ್ಕೂಟರ್, ಕಾರು ಓಡಿಸುವ ನಮ್ಮ ಸೋದರಿಯರಿಗೂ ಎರಡು ಮಾತು. ಇಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಹತ್ತಿ ನಿಂತಿದ್ದರೆ ನಿಧಾನವಾಗಿ ಮನೆಗೆ ಬಂದು ತೋರಿಸಬಹುದು. ಕಾರಿನಲ್ಲಿ ಅದು ಮಿಣುಕುತ್ತಿದ್ದರೆ ಇಂಜಿನ್ ಸರಿಯಾಗಿ ಉರಿಯುತ್ತಿಲ್ಲ, ಹಾಗೇ ಓಡಿಸಿದರೆ ಸೈಲೆನ್ಸರ್ ಸಾಲಿನಲ್ಲಿರುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು. ಆಯಿಲ್ ಕ್ಯಾನಿನ ಕೆಂಪು ದೀಪ ಹತ್ತಿದರೆ ಮಾತ್ರ ಸ್ಕ್ಯಾನರ್ ಹುಡುಕಲು ಹೋಗಬೇಡಿ. ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ.

ಮತ್ತೆ ಗ್ಯಾರೇಜಿನಲ್ಲಿ "ಸೆನ್ಸರ್ ಹೋಗಿದೆ" ಎಂದರೆ "ಯಾವ ಕೋಡು ಬಂತು? ಬರೆದುಕೊಡಿ. ಬೇರೆ ಏನು ಪರೀಕ್ಷೆ ಮಾಡಿದಿರಿ?" ಎಂದು ಕೇಳಿ. ಹೆಂಗಸರು ಇಷ್ಟು ಕೇಳಿದರೆ ಸಾಕು, ಬಿಲ್ಲು ಬರೆಯುವ ಕೈ ಸ್ವಲ್ಪ ನಿಧಾನವಾಗುತ್ತದೆ!

ಅಕ್ಕ-ತಂಗಿಯರೇ, ಮಾತು ಶುರು ಮಾಡಿದಾಗಿನಿಂದ ನಾನೂ "ಮಗ, ಮಗ" ಎನ್ನುತ್ತಲೇ ಬಂದೆ. ಆದರೆ ಕೋಡು ಓದಲು ತೋಳ್ಬಲ ಬೇಕಿಲ್ಲ. ಓದು, ತಾಳ್ಮೆ, ಬರೆದಿಡುವ ಅಭ್ಯಾಸ ಬೇಕು. ಸಂಘದ ಪುಸ್ತಕವನ್ನು ಒಂದು ರೂಪಾಯಿ ತಪ್ಪಿಲ್ಲದೆ ಬರೆಯುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗೆ ಹುಡುಗಿಯರೂ ಸೇರಬಹುದು. ಮುಂದಿನ ಸಲ ಸ್ಕ್ಯಾನರಿಗೆ ಅರ್ಜಿ ಬಂದಾಗ ಅದರಲ್ಲಿ "ಮಗಳು ಶೆಡ್ ಹಾಕಿದ್ದಾಳೆ" ಎಂದು ಬರೆದಿದ್ದರೆ ಆಶ್ಚರ್ಯ ಪಡಬೇಡಿ. ಅವಳನ್ನೂ ಈ ಆರು ಪ್ರಶ್ನೆಯನ್ನೇ ಕೇಳಿ. ಸರಿಯಾದ ಉತ್ತರ ಸಿಕ್ಕರೆ ಅವಳಿಗೂ ಅಷ್ಟೇ ಧೈರ್ಯದಿಂದ ಸಹಿ ಹಾಕಿ.

ಈ ಪ್ರಶ್ನೆಗಳನ್ನು ಇವತ್ತೇ ನಿಮ್ಮ ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಳ್ಳಿ.